ಪಂಚನಿಲ್ಲದ ಓಟ

ಕಲಬುರಗಿಯ ಕಚೇರಿ ಮುಂದಿನ ಬೇವಿನ ಮರದ ಕೆಳಗೆ ಕೂತು ಹನ್ನೆರಡು ವರ್ಷ ಊರವರಿಗೆಲ್ಲ ಉರ್ದುವಿನಲ್ಲಿ ಅರ್ಜಿ ಬರೆದುಕೊಟ್ಟವನು ನಾನು, ದೌಲಪ್ಪ. ಹೊಲದ ತಕರಾರಿರಲಿ, ಬಾವಿಯ ಜಗಳವಿರಲಿ, ನನ್ನ ಕೈಯ ಅರ್ಜಿ ತಿರುಗಿ ಬಂದದ್ದು ಕಡಿಮೆ. ನನಗಾಗಿ ನಾನು ಬರೆದುಕೊಂಡದ್ದು ಒಂದೇ ಒಂದು. ಅದು ಎಂಟೇ ದಿನಕ್ಕೆ ನಾಮಂಜೂರಾಗಿ ಬಂತು. ಫಸಲಿ ಸಾವಿರದ ಮುನ್ನೂರ ನಲವತ್ತಮೂರರ, ಇಂಗ್ಲಿಷ್ ಲೆಕ್ಕದಲ್ಲಿ ಸಾವಿರದ ಒಂಬೈನೂರ ಮೂವತ್ತನಾಲ್ಕರ ಮಾತಿದು. ನಿಜಾಮರ ಸರ್ಕಾರದಲ್ಲಿ ಹತ್ತು ಮಂದಿ ಒಂದು ಕಡೆ ನಿಂತರೆ ಯಾಕೆ ನಿಂತಿರಿ ಎಂದು ಕೇಳುತ್ತಿದ್ದ ಕಾಲ.

ಅರ್ಜಿಯಲ್ಲಿ ಕೇಳಿದ್ದು ಓಟದ ಪಂದ್ಯಕ್ಕೆ ಪರವಾನಗಿ. ಕಲಬುರಗಿಯ ಎರಡು ತಾಲೀಮು, ಕಮಲಾಪುರದ ಒಂದು. ಆ ಮೂರೂ ಗರಡಿಮನೆಗಳ ಹುಡುಗರು ಜೋಳದ ರಾಶಿ ಮುಗಿದ ಹೊಲಗಳನ್ನು ಹಾದು ಮೂರು ಸಲ ಓಡಬೇಕು. ಮೊದಲು ನಂದೂರಿನಲ್ಲಿ, ಆಮೇಲೆ ಶರಣಸಿರಸಗಿಯಲ್ಲಿ, ಕೊನೆಗೆ ಕಮಲಾಪುರದಲ್ಲಿ. ಹೆಚ್ಚು ಸಲ ಗೆದ್ದ ತಾಲೀಮಿಗೆ ಕಮಲಾಪುರದ ಉಸ್ತಾದ ಮಾಳಿಂಗಪ್ಪನ ತೋಟದ ಕೆಂಬಾಳೆಯ ಒಂದು ಗೊನೆ. ಗೆದ್ದವರೂ ಸೋತವರೂ ಕೂಡಿ ಕೂತು ಅದನ್ನು ತಿನ್ನಬೇಕು.

ಕುಸ್ತಿ ಆಡುವವರಿಗೆ ಓಟ ಯಾಕೆ ಎಂದು ಎಲ್ಲರೂ ನಕ್ಕರು. ನಗಲಿ. ನನಗೆ ಓಟವೇ ಬೇಕಾಗಿತ್ತು, ಯಾಕೆಂದರೆ ಓಟಕ್ಕೆ ತೀರ್ಪು ಹೇಳುವ ಪಂಚ ಬೇಡ. ಯಾರು ಮೊದಲು ಮುಟ್ಟಿದರೆಂದು ಕುರುಡನಲ್ಲದ ಯಾರಾದರೂ ಹೇಳಬಹುದು.

ಎರಡು ವರ್ಷದ ಹಿಂದೆ ನಾನು ಒಂದು ಕುಸ್ತಿಗೆ ಪಂಚನಾಗಿದ್ದೆ. ಒಂದು ಕಡೆ ನನ್ನ ಅಕ್ಕನ ಮಗ ಚಂದ್ರಶಾ, ಇನ್ನೊಂದು ಕಡೆ ಕರೀಂಸಾಬನ ಮಗ ಮೈಬೂಬ. ಕರೀಂಸಾಬ ಪಿಂಜಾರ, ಅರಳೆ ಹಿಂಜುವವನು, ಆಚೆ ಓಣಿಯ ತಾಲೀಮಿನ ಉಸ್ತಾದ, ಮತ್ತು ಚಿಕ್ಕಂದಿನಿಂದ ನನ್ನ ಜೀವದ ಗೆಳೆಯ. ಇಬ್ಬರು ಹುಡುಗರೂ ಒಟ್ಟಿಗೇ ಬಿದ್ದರು. ಧೂಳೆದ್ದಿತು. ಯಾರ ಬೆನ್ನು ಮೊದಲು ಮಣ್ಣು ಮುಟ್ಟಿತೋ ದೇವರಾಣೆಗೂ ನನಗೆ ಕಾಣಿಸಲಿಲ್ಲ. ಕಾಣಿಸಲಿಲ್ಲ ಎನ್ನಲು ಇಷ್ಟು ಜನರ ಮುಂದೆ ನಾಚಿಕೆಯಾಗಿ, ಗೆದ್ದವನೆಂದು ಬಾಯಿಗೆ ಮೊದಲು ಬಂದ ಹೆಸರು ಹೇಳಿಬಿಟ್ಟೆ. ಬಂದದ್ದು ಚಂದ್ರಶಾನ ಹೆಸರು. ಆಮೇಲೆ ಬಡಿಗೆಗಳೆದ್ದವು, ಎರಡು ತಲೆ ಒಡೆದವು, ಎರಡು ಓಣಿಗಳ ಮಾತು ನಿಂತಿತು. ಕರೀಂಸಾಬ ದಾರಿಯಲ್ಲಿ ಸಿಕ್ಕರೆ ‘ಏನ್ರಿ ದೌಲಪ್ಪನವರೇ’ ಎನ್ನತೊಡಗಿದ. ಹುಟ್ಟಿದಾಗಿನಿಂದ ‘ಏ ದೌಲ್ಯಾ’ ಎಂದವನ ಬಾಯಲ್ಲಿ ಆ ‘ರೀ’ ಕೇಳಿದಾಗೆಲ್ಲ ನನಗೆ ಊಟ ಸೇರುತ್ತಿರಲಿಲ್ಲ.

ಅದಕ್ಕೇ ಈ ಅರ್ಜಿಗೆ ನನ್ನ ವಿದ್ಯೆಯನ್ನೆಲ್ಲ ಸುರಿದಿದ್ದೆ. ಕಚೇರಿಯ ಗುಮಾಸ್ತ ಅದನ್ನು ತಿರುಗಿಸಿ ಕೊಡುತ್ತಾ ನನ್ನನ್ನು ಮರುಕದಿಂದ ನೋಡಿದ.

"ದೌಲಪ್ಪನೋರೆ, ಇದೇನ್ ಬರ್ದೀರಿ? ‘ಈ ಸುಬೆಯ ನೂರಾರು ಜವಾನರು ಒಂದೇ ದಿಲ್‌ನಿಂದ ಕೂಡಿ ಮುಂದಕ್ಕ ನುಗ್ಗತಾರ’ ಅಂತ. ಸಾಹೇಬ್ರು ಓದಿ ಗಾಬರಿಬಿದ್ರು. ಓಡಾಕೋ, ದಂಗೆ ಏಳಾಕೋ ಅಂತ ಕೇಳಿದ್ರು."

"ಓಡೋರು ಹನ್ನೆರಡು ಹುಡುಗ್ರು ಅಷ್ಟೇರಿ."

"ಹಂಗಂತ ಬರ್ದಿದ್ರ ಅವತ್ತೇ ಮೊಹರು ಬೀಳ್ತಿತ್ತಲ್ರಿ! ಈಗ ಆಗಂಗಿಲ್ಲ. ಐದು ಮಂದಿಗಿಂತ ಹೆಚ್ಚಿಗೆ ಕೂಡಿದ್ರ ಪೊಲೀಸ್ರು ಬರ್ತಾರ."

ನನ್ನ ಬರವಣಿಗೆಯನ್ನು ನಾನೇ ಶಪಿಸಿಕೊಂಡು ಮನೆಗೆ ಬಂದೆ. ಹೆಂಡತಿ ದುಂಡಮ್ಮ ರೊಟ್ಟಿ ಬಡಿಯುತ್ತಲೇ, "ಐದು ಮಂದಿಗಿಂತ ಹೆಚ್ಚಿಗೆ ಕೂಡಬಾರ್ದು ಅಂದ್ರ ಒಬ್ಬೊಬ್ರೇ ಓಡ್ರಿ, ಗಡಿಯಾರ ಐತಲ್ಲ" ಎಂದಳು.

ನನಗೂ ಸರಿಯೆನಿಸಿತು. ಹಳೆಯ ವಕೀಲರೊಬ್ಬರು ಕೊಟ್ಟ ಜೇಬಿನ ಗಡಿಯಾರ ನನ್ನ ಬಳಿ ಇತ್ತು, ಸೆಕೆಂಡಿನ ಮುಳ್ಳೂ ಇತ್ತು. ಒಂದು ದಿನ ಒಬ್ಬ, ಮರುದಿನ ಅದೇ ದಾರಿಯಲ್ಲಿ ಇನ್ನೊಬ್ಬ ಓಡಬೇಕು. ಯಾರಿಗೆ ಕಡಿಮೆ ಹೊತ್ತು ಹಿಡಿಯಿತೋ ಅವನು ಗೆದ್ದ. ಗಡಿಯಾರ ಹಿಡಿದವನು ಮತ್ತೆ ಪಂಚನೇ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ನಂದೂರಿನ ಹೊಲಗಳಲ್ಲಿ ಹನ್ನೆರಡು ದಿನ ಒಬ್ಬೊಬ್ಬರೇ ಓಡಿದರು. ಅದನ್ನು ನೋಡುವುದು ಎಂಥ ಬೇಸರ! ಕೂಗುವವರಿಲ್ಲ, ಬೆನ್ನಟ್ಟುವವರಿಲ್ಲ, ಕಪ್ಪು ಹೆಂಟೆಗಳ ಮೇಲೆ ಬರಿಗಾಲಿನ ಒಬ್ಬ ಹುಡುಗ, ಅವನ ಪಾದಕ್ಕೆ ಚುಚ್ಚುವ ಜೋಳದ ಕೂಳೆ. ಎಮ್ಮೆ ತಪ್ಪಿಸಿಕೊಂಡಿತೇನೋ ಎಂದು ದಾರಿಹೋಕರು ಕೇಳುತ್ತಿದ್ದರು. ಅಲ್ಲಿ ಮೈಬೂಬ ಗೆದ್ದ. ಶರಣಸಿರಸಗಿಯಲ್ಲಿ ಚಂದ್ರಶಾ ಗೆದ್ದ. ಎರಡು ಕಡೆಯೂ ಅಂತರ ದೊಡ್ಡದಿತ್ತು, ತಕರಾರು ಬರಲಿಲ್ಲ. ಮಗ ಸೋತ ದಿನವೇ ಕರೀಂಸಾಬ ನನ್ನ ಪಕ್ಕ ಬಂದು ನಿಂತು, "ಚಾ ಕುಡದಿಯೇನೋ ದೌಲ್ಯಾ?" ಎಂದ. ನಾನು ಚಹಾ ಕುಡಿದಿದ್ದೆ. ಇಲ್ಲವೆಂದು ಹೇಳಿ ಅವನ ಜೊತೆ ಮತ್ತೊಮ್ಮೆ ಕುಡಿದೆ.

ಉಳಿದದ್ದು ಕಮಲಾಪುರ. ಒಂದೊಂದು ಸಲ ಗೆದ್ದಿದ್ದ ಆ ಇಬ್ಬರೇ ಅಲ್ಲಿ ಓಡುವುದೆಂದು ಮೂರೂ ತಾಲೀಮಿನವರು ಒಪ್ಪಿದ್ದರು. ಊರ ಹೊರಗಿನ ಬಾವಿಕಟ್ಟೆಯಿಂದ ಹೊರಟು, ಕೆಮ್ಮಣ್ಣಿನ ಗುಡ್ಡ ಸುತ್ತಿ, ಬಾವಿಗೇ ತಿರುಗಿ ಬರಬೇಕು. ಗುಡ್ಡದ ಮೇಲೆ ಮಾಳಿಂಗಪ್ಪ ಕಾವಲು, ಬಾವಿಯ ಬಳಿ ನಾನು. ಬಾವಿಯಿಂದ ಇಪ್ಪತ್ತು ಮಾರು ದೂರದ ಹುಣಸೆಮರದ ಕೆಳಗೆ ಕರೀಂಸಾಬ ಒಬ್ಬನೇ ಕೂತು ನೂರು ಮಣಿಯ ಜಪಮಾಲೆ ಎಣಿಸುತ್ತಿದ್ದ. ದೇವರನ್ನು ನೆನೆಯುತ್ತಿದ್ದಾನೆ ಎಂದುಕೊಂಡೆ. ಮೊದಲ ದಿನ ಚಂದ್ರಶಾ ನಲವತ್ತೊಂದು ಮಿನಿಟಿಗೆ ಸರಿಯಾಗಿ ಬಂದು ಬಾವಿಕಟ್ಟೆ ಮುಟ್ಟಿದ. ನಾನು ಅದನ್ನು ಹುಣಸೆಮರದವರೆಗೂ ಕೇಳುವಂತೆ ಕೂಗಿ ಹೇಳಿ, ಅವನನ್ನು ಬಂಡಿ ಹತ್ತಿಸಿ ಊರಿಗೆ ಕಳಿಸಿದೆ.

ಮರುದಿನ ಮೈಬೂಬನ ಸರದಿ. ಗುಡ್ಡ ಇಳಿದು ಬರುವಾಗ ಅವನ ಬಲಗಾಲು ಕುಂಟುತ್ತಿತ್ತು, ಹಿಮ್ಮಡಿಯಲ್ಲಿ ರಕ್ತ. ಗಡಿಯಾರ ನಲವತ್ತೊಂದು ದಾಟಿತು. ಕಟ್ಟೆ ಮುಟ್ಟಿದಾಗ ನಲವತ್ತೊಂದು ಮಿನಿಟು, ನಲವತ್ತು ಸೆಕೆಂಡು.

ಗಡಿಯಾರ ನನ್ನ ಅಂಗೈಯಲ್ಲಿತ್ತು. ಬೇರೆ ಯಾರೂ ನೋಡುತ್ತಿರಲಿಲ್ಲ. ಹಿಂದೆ ನನ್ನವನಿಗೆ ಕೊಟ್ಟದ್ದನ್ನು ಇವತ್ತು ಅವನವನಿಗೆ ಕೊಟ್ಟರೆ ಸರಿಹೋಯಿತು, ಕರೀಂ ಮತ್ತೆ ನನ್ನವನಾದ ಎಂದು ಅನ್ನಿಸಿತು. ಹಾಗೆ ಅನ್ನಿಸಿದ ನನ್ನ ತಲೆಗೆ ಬೆಂಕಿ ಹಾಕಬೇಕು.

"ನಲವತ್ತು ಮಿನಿಟು ಐವತ್ತು ಸೆಕೆಂಡು!" ಎಂದು ಕೂಗಿದೆ. "ಮೈಬೂಬ ಗೆದ್ದ!"

ಹುಡುಗ ನಗುತ್ತಾ ಅಳುತ್ತಾ ಕಾಲು ತೊಳೆಯಲು ಬಾವಿಗೆ ಇಳಿದ. ಮಾಳಿಂಗಪ್ಪ ಗುಡ್ಡದಿಂದ ಇಳಿದು ಬಂದು, ಗೊನೆ ಹೊತ್ತು ತಂದು ಕಟ್ಟೆಯ ಮೇಲಿಟ್ಟ. ಕರೀಂಸಾಬ ಎದ್ದು ಬಂದ. ಅವನು ನನ್ನನ್ನು ಅಪ್ಪಿಕೊಳ್ಳುತ್ತಾನೆ ಎಂದು ನಾನು ಕೈ ಚಾಚಿದೆ. ಅವನು ಜಪಮಣಿ ಹಿಡಿದ ಕೈಯನ್ನು ನನ್ನ ಮುಂದೆ ತೆರೆದ.

"ನಿನ್ನೆ ನಿಮ್ಮ ಚಂದ್ರಶಾ ಬರೂತನಕ ಇಪ್ಪತ್ನಾಕು ಸುತ್ತು, ಮ್ಯಾಲ ಅರವತ್ತು ಮಣಿ. ಇವತ್ತು ನನ್ನ ಮಗ ಬರೂತನಕ ಪೂರಾ ಇಪ್ಪತ್ತೈದು ಸುತ್ತು, ನಲವತ್ತು ಮಣಿ ಹೆಚ್ಚಿಗಿ. ಮೂವತ್ತು ವರ್ಷ ಅರಳಿ ಹಿಂಜೀನಿ ದೌಲ್ಯಾ, ನನ್ನ ಕೈಯಾನ ಏಟು ಹೆಚ್ಚುಕಡಿಮಿ ಆಗಂಗಿಲ್ಲ."

ಚಾಚಿದ ಕೈಯನ್ನು ಇಳಿಸಿದೆ. "ಕರೀಂ, ನಿನ್ನ ಸಲುವಾಗಿ..."

"ಸುಮ್ಮನಿರು. ಅವತ್ತು ಕುಸ್ತ್ಯಾಗ ನೀ ಬೇಕಂತಲೇ ಸುಳ್ಳ ಹೇಳ್ದಿ ಅಂತ ನಮ್ಮ ಓಣಿಯವ್ರೆಲ್ಲ ಅಂದ್ರು. ನಾ ಎಲ್ಲಾರ ಜೋಡಿ ಜಗಳ ಆಡೀನಿ. ಧೂಳಿತ್ತು, ಅವನ ಕಣ್ಣಿಗೆ ಕಾಣಿಸಿಲ್ಲ, ದೌಲ್ಯಾ ಸುಳ್ಳ ಹೇಳೋ ಮನಷ್ಯಾ ಅಲ್ಲ ಅಂದೀನಿ. ಸಿಟ್ಟಿತ್ತು ಖರೇ, ಆದ್ರ ಎರಡು ವರ್ಷ ಹಂಗೇ ನಂಬಿದ್ದೆ. ಇವತ್ತು ಗೊತ್ತಾತು."

ಅವನು ಬಾವಿಯ ಕಡೆ ತಿರುಗಿ, "ಮೈಬೂಬ, ಮ್ಯಾಲ ಬಾ. ನೀ ಸೋತಿ, ನಡಿ ಮನಿಗೆ" ಎಂದ. ಹುಡುಗ ಒದ್ದೆ ಕಾಲಲ್ಲೇ ಮೆಟ್ಟಿಲ ಮೇಲೆ ನಿಂತು ನಮ್ಮಿಬ್ಬರನ್ನೂ ನೋಡಿದ. ಗೊನೆಯ ಕಡೆಗೆ ಅವನು ಮತ್ತೆ ನೋಡಲಿಲ್ಲ.

ಅಪ್ಪ ಮಗ ಹತ್ತಿ ಹೊರಟ ಬಂಡಿಯ ಹಿಂದೆ ನಾಲ್ಕು ಹೆಜ್ಜೆ ಓಡಿ ಅದರ ಗೂಟ ಹಿಡಿದುಕೊಂಡೆ. ಎರಡು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತು ಆಗ ಬಾಯಿಗೆ ಬಂತು.

"ಕರೀಂ, ಆ ಕುಸ್ತ್ಯಾಗ ನನಗ ಖರೇನೇ ಕಾಣಿಸಿರಲಿಲ್ಲೋ! ಧೂಳಿತ್ತು. ನನ್ನ ಮಕ್ಕಳಾಣಿ."

ಅವನು ನನ್ನ ಬೆರಳುಗಳನ್ನು ಮೆಲ್ಲಗೆ ಗೂಟದಿಂದ ಬಿಡಿಸಿದ.

"ಈಗ ಹ್ಯಾಂಗ ನಂಬಲಿ," ಎಂದ, "ನೀವೇ ಹೇಳ್ರಿ ದೌಲಪ್ಪನವರೇ."