ಜೋಡಿ ಕಾವಲು

ಮುಂಗುಸಿ ಮೊದಲನೆಯ ಕೋಳಿಯನ್ನು ಒಯ್ದದ್ದು ಬೆಳಿಗ್ಗೆ ಹತ್ತೂವರೆಗೆ, ಸುಡುಬಿಸಿಲಿನಲ್ಲಿ, ವಿಷ್ಣುತೀರ್ಥರ ಕಣ್ಣೆದುರಿಗೇ. ಅವರು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಪೇಪರಿನ ಸಂಪಾದಕೀಯ ಓದುತ್ತಿದ್ದರು. ‘ಹಚಾ!’ ಎಂದರು. ಅದು ನಾಯಿಗೆ ಹೇಳುವ ಮಾತಲ್ಲವೇ ಎಂದು ಹೊಳೆದು, ಮುಂಗುಸಿಗೆ ಏನನ್ನಬೇಕೆಂದು ಯೋಚಿಸುವಷ್ಟರಲ್ಲಿ ಅದು ಕೋಳಿಯ ಸಮೇತ ಚರಂಡಿಯ ಕಿಂಡಿಯಲ್ಲಿ ಇಳಿದುಹೋಗಿತ್ತು.

ತಮಿಳರೇ ತುಂಬಿದ ಮಾಧವರಂನ ಆ ಕಾಲೊನಿಯಲ್ಲಿ ಕೋಳಿ ಇರುವ ವೈಷ್ಣವರ ಮನೆ ಅದೊಂದೇ. ಸಾಕಿದ್ದರು ಎಂದರೆ ವಿಷ್ಣುತೀರ್ಥರು ಒಪ್ಪುತ್ತಿರಲಿಲ್ಲ, ‘ಇವೆ’ ಎನ್ನುತ್ತಿದ್ದರು. ಹಿಂದಿನ ವರ್ಷ ಮೊಮ್ಮಗಳು ಶ್ರೀಪ್ರಿಯಾ ಸ್ಕೂಲಿನ ಗೇಟಿನ ಹತ್ತಿರ ಬಣ್ಣ ಬಳಿದ ಆರು ಮರಿಗಳನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಬಂದಳು. ಇಂಥ ಮರಿಗಳು ಎರಡು ದಿನ ಬಾಳಿದರೆ ಹೆಚ್ಚು, ಬಾಳಿದರೂ ಹುಂಜಗಳೇ ಆಗುತ್ತವೆ ಎಂದು ಬಲ್ಲವರು ಧೈರ್ಯ ಹೇಳಿದರು. ಎರಡು ಸತ್ತವು. ಉಳಿದ ನಾಲ್ಕು ಹಟಕ್ಕೆ ಬಿದ್ದಂತೆ ಬದುಕಿದ್ದಲ್ಲದೆ, ನಾಲ್ಕೂ ಹೇಂಟೆಗಳೇ ಆಗಿ ಮೊಟ್ಟೆ ಇಡತೊಡಗಿದವು. ಬಣ್ಣ ಹೋಗಿ ಎಲ್ಲವೂ ಬಿಳಿಯಾದವು. ಹೆಸರು ಮಾತ್ರ ಹೋಗಲಿಲ್ಲ. ಪಿಂಕಿ, ಗ್ರೀನಿ, ಬ್ಲೂ, ಎಲ್ಲೋ. ಯಾವುದು ಯಾವುದೆಂದು ಒಂಬತ್ತು ವರ್ಷದ ಆ ಹುಡುಗಿಯೊಬ್ಬಳಿಗೇ ಗೊತ್ತು. ಮೊಟ್ಟೆಗಳನ್ನು ಕೆಲಸದ ಕನ್ನಿಯಮ್ಮ ಮನೆಗೆ ಒಯ್ಯುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ವಿಷ್ಣುತೀರ್ಥರ ಹೆಂಡತಿ ಜಯಲಕ್ಷ್ಮಮ್ಮನಿಗೆ ಬೇರೆ ಕಡೆ ನೋಡುವ ಕೆಲಸವಿರುತ್ತಿತ್ತು.

ಅಂದು ನಾಲ್ಕು ಗಂಟೆಗೆ ಸ್ಕೂಲಿನಿಂದ ಬಂದ ಶ್ರೀಪ್ರಿಯಾ ಚೀಲವನ್ನೂ ಇಳಿಸದೆ ಹಿತ್ತಿಲಿಗೆ ಹೋಗಿ ಬಂದಳು.

“ತಾತಾ, ಪಿಂಕಿ ಎಂಗೇ?”

ಅವಳ ಅಪ್ಪ ಅಮ್ಮ ಇಬ್ಬರೂ ಎಗ್ಮೋರಿನ ಆಫೀಸುಗಳಿಂದ ಬರುವುದು ಏಳಕ್ಕೆ. ಪಿಂಕಿ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ತಾತನೇ. ಹೇಳಿದರು. ಹುಡುಗಿ ಅಳಲಿಲ್ಲ, ಮೆಟ್ಟಿಲ ಮೇಲೆ ಇನ್ನೂ ಬಿದ್ದಿದ್ದ ಪೇಪರನ್ನು ನೋಡಿದಳು, ಆಮೇಲೆ ಅವರನ್ನು ನೋಡಿದಳು. ಆ ನೋಟ ತಡೆಯಲಾಗದೆ ವಿಷ್ಣುತೀರ್ಥರು, ಮೂವತ್ತನಾಲ್ಕು ವರ್ಷ ವಿಮಾ ಕಂಪನಿಯಲ್ಲಿ ದುಡಿದು ಷರತ್ತಿಲ್ಲದೆ ಯಾರಿಗೂ ಒಂದು ಮಾತು ಕೊಡದಿದ್ದವರು, “ಇನ್ನು ಉಳಿದ ಮೂರಕ್ಕೂ ಏನೂ ಆಗಲ್ಲ ಪುಟ್ಟಾ. ಇದು ತಾತನ ಪ್ರಾಮಿಸ್ಸು,” ಎಂದುಬಿಟ್ಟರು.

ಮುಂಗುಸಿಯನ್ನು ಕೊಲ್ಲುವಂತಿಲ್ಲ. ಬಲೆ ಕಟ್ಟಿದರೆ ಕೆಳಗೆ ತೋಡಿಕೊಂಡು ಬರುತ್ತದೆ. ನಾಯಿ ತರೋಣವೆಂದರೆ ಜಯಲಕ್ಷ್ಮಮ್ಮನ ಮಡಿ. “ನಾಯಿ ಒಳಗೆ ಬಂತು ಅಂದ್ರೆ ನಾನು ಆಚೆ,” ಎಂದರು. ಕೊನೆಗೆ ಕನ್ನಿಯಮ್ಮನೇ ಏಳುಮಲೈಯ ಹೆಸರು ಹೇಳಿದಳು. ಹಾಲಿನ ಡೈರಿಯ ಆಚೆ, ಬಯಲಿನಲ್ಲಿ ಶೆಡ್ಡು ಹಾಕಿಕೊಂಡು ಕೋಳಿ ಮಾರುವವನು. ಏಳು ಬೆಟ್ಟದ ಒಡೆಯನ ಹೆಸರಿಟ್ಟುಕೊಂಡವನು ಮೋಸ ಮಾಡಲಾರ ಎಂದು ವಿಷ್ಣುತೀರ್ಥರು ಆಟೋ ಹತ್ತಿದರು.

ಏಳುಮಲೈ ಮೋಸ ಮಾಡಲಿಲ್ಲ. ತನ್ನ ನಲವತ್ತು ಕೋಳಿಗಳ ನಡುವೆ ಕತ್ತೆತ್ತಿ ನಿಂತಿದ್ದ ಒಂದು ಹೆಬ್ಬಾತನ್ನು ತೋರಿಸಿದ. ಮುಂಗುಸಿ, ಬೆಕ್ಕು, ಹಾವು ಯಾವುದೂ ಹತ್ತಿರ ಸುಳಿಯುವುದಿಲ್ಲ ಎಂದ. ಮಾರಲೆಂದು ಬೇರೆ ಗೂಡಿನಲ್ಲಿಟ್ಟಿದ್ದವುಗಳಲ್ಲಿ ಎಳೆಯ ಗಂಡೊಂದನ್ನು ಹಿಡಿದು ಅಕ್ಕಿಮೂಟೆಯ ಚೀಲಕ್ಕೆ ಇಳಿಸುತ್ತ, “ಒಣ್ಣು ಪೋದುಂ ಸಾಮಿ,” ಎಂದ. ಒಂದೇ ಸಾಕು. ಒಂಟಿಯಾಗಿದ್ದರೆ ಅದು ಕೋಳಿಗಳನ್ನೇ ತನ್ನವರೆಂದುಕೊಂಡು ನೋಡಿಕೊಳ್ಳುತ್ತದೆ. ಎರಡಾದರೆ ಒಂದನ್ನೊಂದು ನೋಡಿಕೊಳ್ಳುತ್ತವೆ, ಅಷ್ಟೇ. ವಿಷ್ಣುತೀರ್ಥರು ತಲೆಯಾಡಿಸಿದರು. ಅವರ ಚಿಂತೆ ಬೇರೆ ಇತ್ತು: ಇದನ್ನು ಮನೆಯೊಳಗೆ ಏನೆಂದು ಹೇಳಿ ಸೇರಿಸುವುದು?

“ಇದೇನ್ರೀ ಇದು, ಬಾತೇ? ನಮ್ಮನೇಲೇ?”

“ಬಾತು ಅನ್ಬೇಡ ಕಣೇ. ಹಂಸ. ಸರಿಯಾಗಿ ನೋಡು, ಆ ಕತ್ತು ನೋಡು.”

ಜಯಲಕ್ಷ್ಮಮ್ಮ ಕತ್ತು ನೋಡಿದರು. ಹಂಸನಾಮಕ ಪರಮಾತ್ಮನಿಂದಲೇ ಗುರುಪರಂಪರೆ ಶುರುವಾಗುವ ಮನೆತನದವರು ಹಂಸವನ್ನು ಬಾಗಿಲಿಂದ ಅಟ್ಟುವುದು ಹೇಗೆ? ಗೇಟು ತೆರೆಯಿತು. ಮಾರನೆಯ ದಿನ ಅದು ಕಟ್ಟೆಯ ತುಳಸಿಯನ್ನು ಅರ್ಧ ಬೋಳಿಸಿದಾಗಲೂ ಅವರು, “ತುಳಸಿ ಸೇರಿದ್ರೆ ಹೊಟ್ಟೆಗೆ ಒಳ್ಳೇದೇ, ಪಾಪ,” ಎಂದರು. ಮದುವೆಯಾದಂದಿನಿಂದ ಇಷ್ಟು ಉದಾರವಾದ ಮಾತನ್ನು ಅವರ ಬಾಯಲ್ಲಿ ವಿಷ್ಣುತೀರ್ಥರು ತಮ್ಮ ಬಗ್ಗೆ ಕೇಳಿರಲಿಲ್ಲ.

ಮೊದಲ ಎರಡು ವಾರ ಹಂಸ ಮಾಡಿದ ಕೆಲಸಕ್ಕೆ ಪದಕ ಕೊಡಬೇಕು. ಮುಂಗುಸಿ ಕಿಂಡಿಯಿಂದ ಮೂತಿ ಹೊರಹಾಕಿದ್ದೇ ತಡ, ಕತ್ತನ್ನು ನೆಲಕ್ಕೆ ಸಮನಾಗಿ ಚಾಚಿ, ರೆಕ್ಕೆ ಬಿಚ್ಚಿ, ಬುಸುಗುಟ್ಟುತ್ತ ಓಡಿತು. ಮುಂಗುಸಿ ಬಂದ ದಾರಿಯಲ್ಲೇ ವಾಪಸ್ಸು. ಗ್ಯಾಸಿನವನು ಸಿಲಿಂಡರನ್ನು ಬೀದಿಯಲ್ಲೇ ಇಳಿಸಿ ಹೋದ. ಮೀಟರ್ ನೋಡಲು ಬಂದವನು ಕಾಂಪೌಂಡಿನ ಆಚೆಯಿಂದಲೇ ಅಂದಾಜು ಮಾಡಿದ. ಕೋಳಿಗಳು ಮೇಯುವಾಗ ಹಂಸ ಹಿಂದೆ ಹಿಂದೆಯೇ ಇರುತ್ತಿತ್ತು. ಶ್ರೀಪ್ರಿಯಾ ಸಂಜೆ ಮೂರು ಹೆಸರನ್ನೂ ಕೂಗಿ, ಮೂರೂ ಬಂದ ಮೇಲೆ, “ಸೂಪರ್ ತಾತಾ ನೀ!” ಎಂದಳು. ವಿಷ್ಣುತೀರ್ಥರಿಗೆ ಆ ಎರಡು ವಾರ ಪೇಪರು ಓದಿದರೆ ತಲೆಗೆ ಹತ್ತುತ್ತಿತ್ತು.

ಒಂದು ಶುಕ್ರವಾರ ಜಯಲಕ್ಷ್ಮಮ್ಮ ಹಿತ್ತಿಲಿನಿಂದ ಕಣ್ಣೊರೆಸಿಕೊಂಡು ಒಳಗೆ ಬಂದರು.

“ಏನಾಯ್ತೇ?”

“ಪಾತ್ರೆ ತೊಳೆಯೋ ತೊಟ್ಟಿ ನೀರಲ್ಲಿ ತನ್ನ ನೆರಳು ನೋಡ್ಕೊಂಡು ಮಾತಾಡ್ತಾ ನಿಂತಿದೆ ಕಣ್ರೀ. ಒಂಟಿ ಜೀವ.”

“ಕೋಳಿಗಳಿದಾವಲ್ಲ.”

“ಕೋಳಿ ಹಂಸಕ್ಕೆ ಜೋಡಿಯೇ? ಏನು ಮಾತು ಅಂತ ಆಡ್ತೀರಿ.”

ಏಳುಮಲೈ ಹೇಳಿದ್ದನ್ನು ಅವರು ಹೇಳಿ ನೋಡಿದರು. ಜಯಲಕ್ಷ್ಮಮ್ಮ ಕೇಳಿದರು, ಕೇಳಿಯೂ, “ಅವನು ಕೋಳಿ ಕೊಯ್ಯೋನು, ಅವನಿಗೇನು ಗೊತ್ತು. ಲಕ್ಷ್ಮಿ ಇಲ್ಲದ ನಾರಾಯಣನ್ನ ನಮ್ಮನೇಲಿ ಎಂದಾದ್ರೂ ಕೂಡಿಸಿದ್ದುಂಟೇ? ಹೋದ ತಿಂಗಳು ಮಠದಲ್ಲಿ ಮುಕ್ಕಾಲು ಗಂಟೆ ಅದೇ ಹೇಳಿದಿರಲ್ಲ, ಮೈಕ್ ಹಿಡ್ಕೊಂಡು?” ಎಂದರು.

ಹೇಳಿದ್ದರು. ಲಕ್ಷ್ಮೀನಾರಾಯಣರಿಬ್ಬರಿಗೂ ಅಗಲಿಕೆಯೆಂಬುದೇ ಇಲ್ಲ ಎಂಬುದಕ್ಕೆ ಪ್ರಮಾಣಗಳ ಸಮೇತ ಹೇಳಿದ್ದರು. ತಮ್ಮ ವಾದ ತಮಗೇ ಎದುರಾಗಿ ನಿಂತಾಗ ಏನು ಮಾಡಬೇಕೆಂದು ಯಾವ ಟೀಕಾಗ್ರಂಥದಲ್ಲೂ ಅವರು ಓದಿರಲಿಲ್ಲ. ಜೊತೆಗೆ ಒಂದಿದ್ದಲ್ಲಿ ಎರಡಿದ್ದರೆ ಕಾವಲು ಇನ್ನೂ ಗಟ್ಟಿ ಎಂದು ಒಳಗಿನ ಲೆಕ್ಕವೂ ಪಿಸುಗುಟ್ಟಿತು. ಭಾನುವಾರ ಮತ್ತೆ ಆಟೋ ಹತ್ತಿದರು. ಏಳುಮಲೈ ಹೆಣ್ಣು ಹೆಬ್ಬಾತನ್ನು ಚೀಲಕ್ಕೆ ಹಾಕುತ್ತ ಅವರ ಮುಖವನ್ನೊಮ್ಮೆ ನೋಡಿದ. “ವೀಟ್ಲ ಸೊನ್ನಾಂಗಳಾ ಸಾಮಿ?” ಎಂದು ಕೇಳಿದ. ಮನೆಯಲ್ಲಿ ಹೇಳಿದರು ಎಂದು ಇವರು ಒಪ್ಪಿಕೊಂಡ ಮೇಲೆ ಅವನು ಬೇರೇನೂ ಹೇಳಲಿಲ್ಲ. ಅವನೂ ಸಂಸಾರಸ್ಥ.

ಆ ದಿನದಿಂದ ಹಂಸದ ಮಟ್ಟಿಗೆ ಹಿತ್ತಿಲಿನಲ್ಲಿ ಕೋಳಿಗಳು ಇಲ್ಲವಾದವು. ಎರಡೂ ಕಟ್ಟೆಯ ಸುತ್ತ ಪ್ರದಕ್ಷಿಣೆ ಬಂದವು, ಒಂದರ ಪುಕ್ಕವನ್ನು ಇನ್ನೊಂದು ನೇವರಿಸಿತು, ಮಧ್ಯಾಹ್ನ ನೆರಳಲ್ಲಿ ಕತ್ತಿಗೆ ಕತ್ತು ತಾಗಿಸಿ ಮಲಗಿದವು. ಜಯಲಕ್ಷ್ಮಮ್ಮ ಬಾಗಿಲಲ್ಲಿ ನಿಂತು, “ನೋಡಿ, ಹೇಗಿದಾವೆ,” ಎಂದರು. ವಿಷ್ಣುತೀರ್ಥರು ನೋಡಿದರು. ಕೋಳಿಗಳು ಪಕ್ಕದಲ್ಲಿ ಹಾದುಹೋದರೆ ಎರಡೂ ಒಟ್ಟಿಗೆ ಕತ್ತು ಚಾಚಿ ಅಟ್ಟುತ್ತಿದ್ದವು.

ಗುರುವಾರ ಮುಂಗುಸಿ ಬಂತು. ಹಂಸಗಳು ಊರಿಗೇ ಕೇಳುವ ಹಾಗೆ ಕೂಗಿದವು. ಕೂಗಿ, ಒಂದಕ್ಕೊಂದು ಒತ್ತಿಕೊಂಡು ಬಾವಿಯ ಮೂಲೆಗೆ ಸರಿದು ತಮ್ಮ ಸಂಸಾರವನ್ನು ಚೆನ್ನಾಗಿ ಕಾಪಾಡಿಕೊಂಡವು. ಸಂಜೆ ಹುಡುಗಿ ಹಿತ್ತಿಲಿನಿಂದ ಬಂದು, “ಬ್ಲೂ,” ಎಂದಳು. ಪ್ರಶ್ನೆಯನ್ನೂ ಕೇಳಲಿಲ್ಲ. ವಿಷ್ಣುತೀರ್ಥರು, “ಇವತ್ತೇನೋ ತಪ್ಪಿತು ಪುಟ್ಟಾ. ನಾಳೆಯಿಂದ ನೋಡು,” ಎಂದರು.

ಮರುದಿನ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದ ಸಮಯ ನೋಡಿ ಹೆಣ್ಣನ್ನು ಚೀಲಕ್ಕೆ ತುಂಬಿ ಏಳುಮಲೈಯ ಶೆಡ್ಡಿಗೆ ಮುಟ್ಟಿಸಿ ಬಂದರು. ಅವರ ಎಣಿಕೆ ಸರಳವಾಗಿತ್ತು: ಜೋಡಿ ತಪ್ಪಿದರೆ ಹಂಸ ಮತ್ತೆ ಕೋಳಿಗಳ ಕಡೆ ತಿರುಗುತ್ತದೆ. ಹಂಸ ಗೇಟಿನ ಕಡೆ ತಿರುಗಿತು. ಕಂಬಿಗಳ ನಡುವೆ ಕತ್ತು ತೂರಿಸಿ ಬೀದಿಯುದ್ದಕ್ಕೂ ಕರೆಯುತ್ತ ನಿಂತಿತು. ಕಾಳು ಮುಟ್ಟಲಿಲ್ಲ, ತುಳಸಿಯನ್ನೂ ಮುಟ್ಟಲಿಲ್ಲ. ಎದುರು ಮನೆಯವರು ಬಂದು, ಬಾತಿಗೆ ಏನಾದರೂ ಹೊಟ್ಟೆನೋವೇ ಎಂದು ವಿಚಾರಿಸಿದರು. ಒಳಗೆ ಜಯಲಕ್ಷ್ಮಮ್ಮ ಎಲೆ ಹಾಕಿ ಬಡಿಸಿ, ತಾವು ಕೂರದೆ ಎದ್ದು ಹೋದರು. ಏಕಾದಶಿ ಅಲ್ಲದ ದಿನ ಅವರು ಉಪವಾಸ ಮಾಡಿದ್ದನ್ನು ವಿಷ್ಣುತೀರ್ಥರು ಕಂಡಿರಲಿಲ್ಲ.

“ಗಂಡ ಹೆಂಡಿರನ್ನ ಅಗಲಿಸಿದ ಮನೇಲಿ ನನಗೆ ಅನ್ನ ಇಳಿಯಲ್ಲ.”

“ಮಗೂಗೆ ಮಾತು ಕೊಟ್ಟಿದೀನಿ ಕಣೇ.”

“ನನ್ನ ಕೇಳಿ ಕೊಟ್ಟಿರಾ?”

ಮೂರನೆಯ ದಿನ ಹಂಸದ ಗಂಟಲು ಬಿದ್ದುಹೋಗಿ, ಬಾಯಿ ಮಾತ್ರ ತೆರೆದು ಮುಚ್ಚುವುದಾಯಿತು. ವಿಷ್ಣುತೀರ್ಥರು ಹೋಗಿ ಹೆಣ್ಣನ್ನು ವಾಪಸ್ಸು ತಂದರು. ಆಟೋದವನು ಈಗ ಚೀಲ ನೋಡಿ ಏನೂ ಕೇಳುತ್ತಿರಲಿಲ್ಲ.

ಉಳಿದದ್ದು ಒಂದೇ ದಾರಿ. ಪ್ಲಾಸ್ಟಿಕ್ ಕುರ್ಚಿಯನ್ನು ಹಿತ್ತಿಲ ನಡುವೆ ಹಾಕಿಕೊಂಡು, ಕೈಯಲ್ಲಿ ಒಣಗಿದ ತೆಂಗಿನ ಗರಿಯ ದಂಟು ಹಿಡಿದು ತಾವೇ ಕೂತರು. ಏಳರಿಂದ ನಾಲ್ಕರವರೆಗೆ. ಕೋಳಿಗಳು ಅವರನ್ನು ಕಂಡು ದೂರ ಹೋಗಿ ಕಿಂಡಿಯ ಹತ್ತಿರವೇ ಕೆದಕುತ್ತಿದ್ದವು. ಇವರು ಕುರ್ಚಿ ಎತ್ತಿಕೊಂಡು ಅಲ್ಲಿಗೆ ಹೋದರೆ ಹಂಸಗಳು ಪಂಚೆ ಹಿಡಿದು ಎಳೆಯುತ್ತಿದ್ದವು. ಆದರೂ ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ಮಧ್ಯಾಹ್ನ ಆಹ್ನಿಕಕ್ಕೆಂದು ಒಳಗೆ ಹೋಗಿ, ಕಣ್ಣು ಮುಚ್ಚಿ, ಜಪ ಅರವತ್ತನ್ನು ದಾಟುತ್ತಿರುವಾಗ ಹಿತ್ತಿಲಿನಲ್ಲಿ ಕೋಳಿಯೊಂದು ಕಿರುಚಿತು. ನಡುವೆ ಏಳಬಾರದು. ಎದ್ದರು. ಒದ್ದೆ ಪಂಚೆ ಕಾಲಿಗೆ ತೊಡರಿ, ಬಾಗಿಲ ಚಿಲಕ ತೆಗೆದು ನೋಡುವಾಗ ಕುರ್ಚಿಯ ಕೆಳಗೆ ಒಂದಿಷ್ಟು ಬಿಳಿ ಪುಕ್ಕ ತಿರುಗುತ್ತಿತ್ತು. ಮೂಲೆಯಿಂದ ಹಂಸದಂಪತಿ ಅವರನ್ನೇ ನೋಡಿ ಬುಸುಗುಟ್ಟಿತು.

ಅವತ್ತು ಶ್ರೀಪ್ರಿಯಾ ಹಿತ್ತಿಲಿನಲ್ಲಿ ಬಹಳ ಹೊತ್ತಿದ್ದಳು. ವಿಷ್ಣುತೀರ್ಥರು ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತು, “ಪುಟ್ಟಾ, ಇನ್ನು ಮೇಲೆ...” ಎಂದು ಶುರುಮಾಡಿದರು.

“ತಾತಾ, ಪ್ರಾಮಿಸ್ ಪಣ್ಣಾದೇ.”

ಸಿಟ್ಟಿರಲಿಲ್ಲ. ಬಿಸಿ ಪಾತ್ರೆ ಮುಟ್ಟಬೇಡ ಎಂದು ಚಿಕ್ಕವರಿಗೆ ಹೇಳುವ ಹಾಗೆ, ಇನ್ನು ಮಾತು ಕೊಡಬೇಡ ಎಂದಳು. ಆಮೇಲೆ, ಗ್ರೀನಿಯೂ ಹೋಗಿ ಉಳಿದಿದ್ದ ಎಲ್ಲೋಳನ್ನು ಎತ್ತಿಕೊಂಡು ಆಟೋ ಕರೆಯಲು ಹೇಳಿದಳು.

ಏಳುಮಲೈ ಕೋಳಿಯನ್ನು ಇಸಿದುಕೊಂಡು, ಎದೆ ಒತ್ತಿ, ರೆಕ್ಕೆ ಬಿಡಿಸಿ ನೋಡಿ ತನ್ನ ಹಿಂಡಿಗೆ ಬಿಟ್ಟ. ಅಲ್ಲಿದ್ದ ಒಂಟಿ ಹೆಬ್ಬಾತು ಹತ್ತಿರ ಬಂದು ಅದನ್ನೊಮ್ಮೆ ಮೂಸಿದ ಹಾಗೆ ಮಾಡಿ, ಹಿಂಡಿನ ಹೊರಗೆ ತನ್ನ ಜಾಗದಲ್ಲಿ ಹೋಗಿ ನಿಂತಿತು.

“ಇದನ್ನ ಕೊಯ್ಯಲ್ಲ ತಾನೇ?” ವಿಷ್ಣುತೀರ್ಥರು ಅರೆ ತಮಿಳಿನಲ್ಲಿ ದನಿ ಇಳಿಸಿ ಕೇಳಿದರು.

ಅವನು ದನಿ ಇಳಿಸಲಿಲ್ಲ. ಮೊಟ್ಟೆ ಇಡುವಷ್ಟು ದಿನ ಇರುತ್ತದೆ ಸಾಮಿ, ಎಂದ. ಹುಡುಗಿ ಕೇಳಿಸಿಕೊಂಡಳು. ಅತ್ತೇಬಿಡುತ್ತಾಳೆಂದು ವಿಷ್ಣುತೀರ್ಥರು ಕರ್ಚೀಫಿಗೆ ಕೈ ಹಾಕಿದರು. ಅವಳು, ಭಾನುವಾರ ಬಂದು ನೋಡಬಹುದೇ ಎಂದು ಕೇಳಿದಳು.

“ಸಂಡೇ ವೇಣಾಂ ಪಾಪಾ,” ಎಂದ ಏಳುಮಲೈ. ಬೇಡ ಮಗು, ಭಾನುವಾರ ಗಿರಾಕಿಗಳ ದಿನ. “ಸಾಟರ್ಡೇ ವಾ.”

“ಓಕೆ ಅಂಕಲ್. ಸಾಟರ್ಡೇ.”

ವಾಪಸ್ಸು ಬರುವಾಗ ಆಟೋದಲ್ಲಿ ಅವಳು ಹೊರಗೆ ನೋಡುತ್ತ ಕೂತಿದ್ದಳು. ಫ್ರಾಕಿಗೆ ಅಂಟಿದ್ದ ಒಂದು ಪುಕ್ಕವನ್ನು ತೆಗೆದು ಗಾಳಿಗೆ ಬಿಟ್ಟಳು. ವಿಷ್ಣುತೀರ್ಥರಿಗೆ ಏನಾದರೂ ಹೇಳಬೇಕೆನಿಸಿತು. ಮೂರು ಸಲ ಬಾಯಿ ತೆರೆದರು. ಬಂದ ಮಾತೆಲ್ಲವೂ, ಎತ್ತ ಹೊರಳಿಸಿ ನೋಡಿದರೂ, ಒಂದು ಭರವಸೆಯ ಹಾಗೆಯೇ ಇತ್ತು.