ಒದ್ದೆ ಕುರ್ಚಿ

ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಡ್ರೈವರ್‌ಗೆ ತನ್ನ ಮೈಯ ಬಗ್ಗೆ ಒಂದು ಜಂಬವಿತ್ತು. ಎಷ್ಟೇ ಅವಸರವಾಗಲಿ, ಡಿಪೋ ಮುಟ್ಟುವ ತನಕ ಹಿಡಿದುಕೊಂಡಿರುತ್ತಿದ್ದ. ನಡುದಾರಿಯಲ್ಲಿ ಗಾಡಿ ನಿಲ್ಲಿಸಿ ಮರದ ಮರೆಗೆ ಹೋದವನಲ್ಲ. ಎಪ್ಪತ್ತು ದಾಟಿ ಸಕ್ಕರೆ ಕಾಯಿಲೆ ಅಂಟಿಕೊಂಡ ಮೇಲೆ ಆ ಜಂಬ ಇಳಿದುಹೋಯಿತು. ಕೆಮ್ಮಿದರೆ, ಬಗ್ಗಿದರೆ ನಾಲ್ಕು ಹನಿ ಜಾರಿಬಿಡುತ್ತಿತ್ತು. ಡಾಕ್ಟರಿಗೆ ಹೇಳಲು ಬಾಯಿ ಬರಲಿಲ್ಲ. ಇದ್ದದ್ದು ಮಗಳ ಮನೆಯಲ್ಲಿ. ಅವಳ ಕಣ್ಣಿಗೆ ಬೀಳಬಾರದೆಂದು ತನ್ನ ಬಟ್ಟೆಯನ್ನು ತಾನೇ ಒಗೆದು ಹಾಕತೊಡಗಿದ. ಇದೇನಪ್ಪ ಹೊಸ ಶೋಕಿ ಎಂದು ಅವಳು ಕೇಳಿದಾಗ, ಸುಮ್ಮನೆ ಕೂತರೆ ಮೈ ಜಡ್ಡುಗಟ್ಟುತ್ತೆ ಎಂದು ಮಾತು ತೇಲಿಸಿದ.

ಮಂಡಿ ಆಪರೇಷನ್ ಆದ ಮೇಲೆ ವಾರಕ್ಕೆ ಎರಡು ಬೆಳಿಗ್ಗೆ ಕ್ಲಿನಿಕ್ಕಿಗೆ ವ್ಯಾಯಾಮಕ್ಕೆ ಹೋಗಲೇಬೇಕಾಯಿತು. ಉದ್ದನೆಯ ಕೋಣೆ, ಗೋಡೆಗುಂಟ ಹಿಡಿದು ನಡೆಯಲು ಕಂಬಿ, ಎಂಟು ಪ್ಲಾಸ್ಟಿಕ್ ಕುರ್ಚಿ. ಪಕ್ಕದ ಕುರ್ಚಿ ಬೈಂಡರ್‌ನದು. ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುತ್ತಿದ್ದ ಆತನಿಗೆ ಪಾರ್ಶ್ವವಾಯು ಬಡಿದು ಬಲಭಾಗದ ಸ್ಪರ್ಶವೇ ಹೋಗಿತ್ತು. ಮಾತೂ ಹೋಗಿ, 'ಆಯ್ತು' ಅನ್ನುವುದೊಂದೇ ಉಳಿದಿತ್ತು. ಹಸಿದರೂ ಆಯ್ತು, ಸಿಟ್ಟು ಬಂದರೂ ಆಯ್ತು. ಎದುರು ಮಾತಾಡದ ಇಂಥ ಪ್ಯಾಸೆಂಜರ್ ನನ್ನ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ ಎಂದು ಡ್ರೈವರ್ ಅಂದರೆ, ಬೈಂಡರ್ ಹೊಟ್ಟೆ ಕುಲುಕಿಸಿ ನಗುತ್ತಿದ್ದ.

ಒಂದು ದಿನ ವ್ಯಾಯಾಮ ಕಲಿಸುವ ಹುಡುಗಿ ಬೈಂಡರ್‌ನನ್ನು ಕಂಬಿಯ ಹತ್ತಿರ ಕರೆದೊಯ್ದಳು. ಡ್ರೈವರ್, ಕಿಟಕಿಯ ಗಾಳಿ ಬರುತ್ತದೆಂದು ಖಾಲಿಯಾದ ಆ ಕುರ್ಚಿಗೆ ಸರಿದು, ಕೈ ಊರದೆ ಏಳುವ, ಕೂರುವ ಅಭ್ಯಾಸ ಶುರುಮಾಡಿದ. ಆರನೆಯ ಸಲ ಕೂತಾಗ ಕಟ್ಟೆಯೊಡೆಯಿತು. ಎಷ್ಟು ಬಿಗಿಹಿಡಿದರೂ ನಿಲ್ಲಲಿಲ್ಲ. ಯಾರೂ ನೋಡಲಿಲ್ಲ. ತೊಟ್ಟಿದ್ದದ್ದು ಕಪ್ಪು ಪ್ಯಾಂಟು. ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ತನ್ನ ಕುರ್ಚಿಗೆ ಮರಳಿದ.

ಬೈಂಡರ್ ಕಾಲೆಳೆಯುತ್ತ ವಾಪಸು ಬರುತ್ತಿದ್ದ. ಹತ್ತು ಹೆಜ್ಜೆ ದೂರವಿತ್ತು. ತಡಿ ಅನ್ನಲು ಅಷ್ಟು ಹೊತ್ತು ಸಾಲದೆ? ಡ್ರೈವರ್ ಬಾಯಿ ತೆರೆಯಲಿಲ್ಲ. ಬೈಂಡರ್ ತನ್ನ ಬಿಳಿ ಪೈಜಾಮದಲ್ಲಿ ಆ ಒದ್ದೆಯ ಮೇಲೆಯೇ ಕೂತ.

ಕರೆದೊಯ್ಯಲು ಬಂದ ಹೆಂಡತಿ ಗಂಡನನ್ನು ಎಬ್ಬಿಸಿದವಳೇ ನೋಡಿದಳು. ಹೊರಡುವಾಗ ಕೇಳಿದ್ದೆನಲ್ಲ, ಆಗ ಹೋಗಿಬರೋದಕ್ಕೇನಾಗಿತ್ತು ಎಂದು ಎಲ್ಲರೆದುರು ಗದರಿದಳು. ಬೈಂಡರ್ ಅಡ್ಡಡ್ಡ ತಲೆಯಾಡಿಸಿ "ಆಯ್ತು, ಆಯ್ತು" ಎನ್ನುತ್ತ ಎಡಗೈಯಲ್ಲಿ ಕುರ್ಚಿ ತೋರಿಸಿದ. ಆಮೇಲೆ ಡ್ರೈವರ್‌ನ ಸೊಂಟದ ಟವೆಲನ್ನು ನೋಡಿದ, ಮುಖವನ್ನು ನೋಡಿದ.

"ಹೋಗಲಿ ಬಿಡಿ ತಾಯಿ, ವಯಸ್ಸಾದವರು, ಬೈಬೇಡಿ," ಎಂದ ಡ್ರೈವರ್.

ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಈ ಮಾತು ತನ್ನ ಬಾಯಿಂದ ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ. ಮನೆಗೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡವನು ಮಗಳು ಎರಡು ಸಲ ಬಡಿದ ಮೇಲೇ ತೆಗೆದದ್ದು. ಊಟ ಸೇರಲಿಲ್ಲ. ಮಂಡಿ ನೋವೆಂದು ನೆಪ ಹೇಳಿ ಎರಡು ವಾರ ಕ್ಲಿನಿಕ್ಕಿನತ್ತ ಸುಳಿಯಲಿಲ್ಲ. ಮೂರನೆಯ ವಾರ ಹೋದರೆ ಬೈಂಡರ್ ಇರಲಿಲ್ಲ. ಅವತ್ತಿನಿಂದ ಬಂದೇ ಇಲ್ಲ ಎಂದಳು ಹುಡುಗಿ.

ಅವಳಿಂದ ವಿಳಾಸ ಕೇಳಿಕೊಂಡು, ಅಲ್ಲಿಂದ ನೆಟ್ಟಗೆ ಪ್ರೆಸ್ಸಿನ ಹಿಂದಿದ್ದ ಬೈಂಡರ್‌ನ ಮನೆಗೆ ನಡೆದ. ಬಾಗಿಲು ತೆರೆದ ಹೆಂಡತಿ ಸೋತುಹೋಗಿದ್ದಳು. ದಿನಾ ಡೈಪರ್ ಕಟ್ಟುತ್ತೇನೆ, ಕಿತ್ತು ಬಿಸಾಡುತ್ತಾರೆ, ಈಗ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ ಎಂದು ತೋಡಿಕೊಂಡಳು. ಒಳಗೆ ಬೈಂಡರ್ ಗೋಡೆಗೆ ಮುಖ ಮಾಡಿ ಕೂತಿದ್ದ. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ಆವತ್ತು ಕುರ್ಚಿ ಒದ್ದೆ ಮಾಡಿದ್ದು ನಾನು ತಾಯಿ," ಎಂದ ಡ್ರೈವರ್. "ಇವರಲ್ಲ. ಇವರು ಬಂದು ಕೂತ್ಕೊಳ್ಳೋದನ್ನ ನೋಡ್ತಾನೇ ಇದ್ದೆ."

ಆಕೆ ಗಂಡನ ಕಡೆ ತಿರುಗಿ ನೋಡಿದಳು.

"ಮೂರು ವಾರದಿಂದ ಇವರನ್ನ ಮಗೂಗೆ ಗದರಿದ ಹಾಗೆ ಗದರ್ತಿದೀನಿ," ಎಂದಳು. "ಅಲ್ಲ ಅಲ್ಲ ಅಂತ ತಲೆಯಾಡಿಸ್ತಾನೇ ಇದ್ರು. ನಾನು ನಂಬಲಿಲ್ಲ."

ಕೂತುಕೊಳ್ಳಿ ಅನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಒಳಗಿಂದ ಒಂದು ಲೋಟ ನೀರು ತಂದು ಗಂಡನ ಮುಂದೆ ನೆಲದ ಮೇಲೆ ಕೂತಳು. ತಪ್ಪಾಯಿತು ಎಂದು ಮತ್ತೆ ಮತ್ತೆ ಹೇಳಿದಳು. ಬೈಂಡರ್ ಎಡಗೈಯಲ್ಲಿ ಲೋಟ ತೆಗೆದುಕೊಂಡು ನಿಧಾನಕ್ಕೆ ಪೂರ್ತಿ ಕುಡಿದ. ಡ್ರೈವರ್ ಹೊಸ್ತಿಲಲ್ಲಿ ನಿಂತು, ನನ್ನನ್ನು ಕ್ಷಮಿಸು ಮಾರಾಯ ಅನ್ನಬೇಕೆಂದುಕೊಂಡ. ಅನ್ನದೆಯೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ.

ಅವತ್ತೇ ಮಗಳಿಗೆ ಎಲ್ಲ ಹೇಳಿದ, ತಲೆ ಎತ್ತದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಮಾರನೆಯ ದಿನ ಡಾಕ್ಟರ ಬಳಿ ಕರೆದೊಯ್ದಳು. ಇಷ್ಟು ದಿನ ಯಾಕೆ ಮುಚ್ಚಿಟ್ಟಿರಿ, ಇದಕ್ಕೆ ಮಾತ್ರೆಯಿದೆ ಎಂದರು ಡಾಕ್ಟರು. ಸ್ವಲ್ಪ ಹತೋಟಿಗೆ ಬಂತು.

ಬೈಂಡರ್ ಮತ್ತೆ ಕ್ಲಿನಿಕ್ಕಿಗೆ ಬಂದ. ಆದರೆ ಆಚೆ ತುದಿಯ ಕುರ್ಚಿಯಲ್ಲಿ ಕೂತ. ಡ್ರೈವರ್ ಈಗ ವ್ಯಾಯಾಮಕ್ಕೆ ಮೊದಲು ಎದ್ದು ನಿಂತು, ನಾನು ಟಾಯ್ಲೆಟ್ಟಿಗೆ ಹೋಗಿಬರುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ. ಮೊದಲ ದಿನ ಕಿವಿ ಬಿಸಿಯಾಗಿತ್ತು. ಹಿಂದೆಯೇ ಒಬ್ಬ ರಿಟೈರ್ಡ್ ಟೀಚರಮ್ಮ, ಸದ್ಯ, ಯಾರಾದರೂ ಏಳಲಿ ಅಂತ ಕಾಯ್ತಿದ್ದೆ ಎಂದು ಎದ್ದರು, ಎಲ್ಲರೂ ನಕ್ಕರು. ಬೈಂಡರ್ ಮಾತ್ರ ಈ ಕಡೆ ತಿರುಗಲಿಲ್ಲ.