ಬಲಬದಿಯ ಪೆಟ್ಟು

ತಿರುಗುತ್ತಿದೆ, ಬಕೀಟಿನ ಉಪ್ಪುನೀರಿನಲ್ಲಿ ಬಿಳಿಯ ಚೆಂಡು ಇನ್ನೂ ತಿರುಗುತ್ತಿದೆ, ಮೈತುಂಬ ಸಿಡುಬಿನ ಕಲೆಯಂಥ ಗುಳಿಗಳು, ನೆತ್ತಿಯ ಮೇಲೆ ಶಾಯಿಯ ಚುಕ್ಕೆ, ಚುಕ್ಕೆ ಒಮ್ಮೆ ಮುಳುಗುತ್ತದೆ ಒಮ್ಮೆ ಏಳುತ್ತದೆ — ನಿಲ್ಲು, ನಿಂತು ನಿಜ ಹೇಳು ಎಂದು ಜುಲೇಖಾಬಿ ತುಟಿ ಅಲುಗಿಸದೆ ಅದನ್ನು ಗದರುತ್ತಾಳೆ, ಬೆನ್ನ ಹಿಂದೆ ಹುಬ್ಬಳ್ಳಿಯ ಸುದೀಪ ಬೂಟುಗಾಲು ಬದಲಿಸುವ ಸಪ್ಪಳ, ಅದರಾಚೆ ಮಗ್ಗದ ಮಣೆಯ ಮೇಲೆ ಎಪ್ಪತ್ತು ದಾಟಿದ ಅತ್ತೆ ಖಾತುನಬಿ. ಗಾಲ್ಫ್ ಎಂಬ ಆಟವಂತೆ, ಚೆಂಡನ್ನು ಕೋಲಿನಿಂದ ಮೆಲ್ಲಗೆ ದೂಡಿ ಗುಳಿಗೆ ಕೆಡವುವುದೇ ಅದರಲ್ಲಿ ಕಡೆಯ ಕಠಿಣ ವಿದ್ಯೆಯಂತೆ, ಅದನ್ನು ಕಲಿಸುವ ಸಾಮಾನು ಮಾರುವವನು ಈ ಸುದೀಪ, ಮನೆಯೊಳಗೆ ಹಾಸಿಕೊಂಡು ಅಭ್ಯಾಸ ಮಾಡಲು ಅವನಿಗೆ ನವಲಗುಂದದ ಜಮಖಾನ ಬೇಕು, ಐದು ಮೊಳ ಉದ್ದ, ಹುಲ್ಲಿನ ಹಸಿರು, ನಟ್ಟನಡುವೆ ಬೆರಳಗಲ ನೀಲಿ ಗೆರೆ, ಒಟ್ಟು ಹನ್ನೆರಡು, ಮೊದಲನೆಯದನ್ನು ನೋಡಲೆಂದು ಇಂದು ಬಂದ, ನೆಲಕ್ಕೆ ಹಾಸಿದ, ದೂಡಿದ, ಚೆಂಡು ನೀಲಿ ಗೆರೆಯನ್ನು ಬಿಟ್ಟು ಎಡಕ್ಕೆ ಜಾರಿತು, ಇನ್ನೊಮ್ಮೆ ದೂಡಿದ, ಇನ್ನೊಮ್ಮೆ ಜಾರಿತು. ಬಲಗಡಿ ಉಬ್ಬೇತಿ, ಅದನ್ನ ಯಾರು ನೇಯ್ದಾರ್ರಿ ಅಕ್ಕಾರ? ಇಬ್ಬರೂ ಬಾಜೂ ಬಾಜೂ ಕುಂತು ನೇಯ್ತೀವ್ರಿ, ಬಲಗಡಿ ನಮ್ಮ ಅತ್ತಿಯವರ್ರಿ. ಹಂಗಾರ ಅಲ್ಲೇ ಐತಿ ನೋಡ್ರಿ ಐಬು, ವಯಸ್ಸಾತು, ಕೈ ನಡಗತೈತಿ, ಅವರನ್ನ ಎಬ್ಬಸ್ರಿ, ಯಾರನ್ನರ ಹರೇದಾಕಿನ್ನ ಕುಂದರಸ್ರಿ, ಉಳಿದ ಹನ್ನೊಂದಕ್ಕ ಆಮ್ಯಾಲೆ ಹೂಂ ಅಂತೀನಿ. ಎಬ್ಬಸ್ರಿ! ಸಂತೆಯ ಚೀಲವನ್ನೇ ಎಬ್ಬಿಸುವಂತೆ! ಐವತ್ತು ವರ್ಷ ಕುಳಿತು ಆ ಮಣೆಯಲ್ಲಿ ತನ್ನ ಮೈಯ ಅಚ್ಚು ಮೂಡಿಸಿದವಳನ್ನು, ಈ ಮನೆಗೆ ಬಂದ ಸೊಸೆಗೆ ಹಾಸು ಯಾವುದು ಹೊಕ್ಕು ಯಾವುದು ಎಂದು ಬೆರಳು ಹಿಡಿದು ತೋರಿಸಿದವಳನ್ನು, ಇದೀಗ ಬಸ್ಸಿನಿಂದ ಇಳಿದವನು ಎಬ್ಬಿಸಬೇಕಂತೆ — ಆಗಲೇ ಅವಳ ನಾಲಿಗೆ ಸೆಟೆದು ನಿಂತಿತ್ತು, ನಿಮ್ಮ ಚೆಂಡು ಸರಿ ಐತಿ ಅಂತ ಯಾರು ಹೇಳ್ಯಾರ್ರಿ? ಅದು ಫ್ಯಾಕ್ಟರಿ ಮಾಲ್ರಿ ಅಕ್ಕಾರ. ಫ್ಯಾಕ್ಟರಿ ಅಂದ್ರ ದರ್ಗಾದ ಔಲಿಯಾ ಏನ್ರಿ, ತಪ್ಪ ಮಾಡದಿರಾಕ?

ಮಿಶ್ರಿಕೋಟಿಯ ತವರಿನಲ್ಲಿ ಬಿತ್ತುವ ಮೊದಲು ಅಪ್ಪ ಬಕೀಟಿಗೆ ಉಪ್ಪು ಸುರಿಯುತ್ತಿದ್ದ, ಕದಡುತ್ತಿದ್ದ, ಕೋಳಿಮೊಟ್ಟೆ ಇಳಿಬಿಡುತ್ತಿದ್ದ, ಮೊಟ್ಟೆ ತೇಲಿ ನೆತ್ತಿ ರೂಪಾಯಿಯಗಲ ಕಂಡರೆ ನೀರು ಹದವಾಯಿತು, ಆಮೇಲೆ ಭತ್ತದ ಬೀಜ, ಜೊಳ್ಳು ಮೇಲೆ, ಗಟ್ಟಿ ಕೆಳಗೆ, ಉಪ್ಪುನೀರು ಯಾರ ಮುಲಾಜೂ ನೋಡಂಗಿಲ್ಲ ಮಗಳ ಎನ್ನುತ್ತಿದ್ದ — ಆ ನೀರೇ ಇದು, ಆ ಹದವೇ ಇದು, ಚೆಂಡಿನ ಒಂದು ಮಗ್ಗುಲು ಭಾರವಿದ್ದರೆ ಅದು ತಳಕ್ಕೆ ಹೋಗಲೇಬೇಕು, ಎಷ್ಟು ಸಲ ತಿರುಗಿಸಿಬಿಟ್ಟರೂ ಹಗುರ ಮಗ್ಗುಲೇ ಮೇಲೆ ಬರಬೇಕು, ಮೇಲೆ ಬಂದಲ್ಲಿ ಚುಕ್ಕೆ ಇಟ್ಟಿದ್ದಾಳೆ — ನಿಂತಿತು, ಚುಕ್ಕೆ ಮೇಲೆ. ಮತ್ತೆ ತಿರುಗಿಸಿದಳು, ಚುಕ್ಕೆ ಮೇಲೆ. ಮೂರನೆಯ ಸಲವೂ ಚುಕ್ಕೆ ಮೇಲೆ, ಕಳ್ಳನ ಹಣೆಯ ಬೊಟ್ಟಿನಂತೆ! ನೋಡ್ರಿ, ಕಣ್ಣು ಇದ್ರ ನೋಡ್ರಿ. ಸುದೀಪ ಬಗ್ಗಿ ನೋಡಿದ, ತಲೆ ಕೆರೆದುಕೊಂಡ, ಹೌದ್ರಿ, ಚೆಂಡು ಪರೀಕ್ಷಾ ಮಾಡೂದು ಹಿಂಗ ಅಂತ ನಾ ಹಂಚೂ ಕಾಗದದಾಗೂ ಬರದೈತಿ, ನಾ ಒಮ್ಮೆನೂ ಮಾಡಿ ನೋಡಿಲ್ಲ ಅಷ್ಟ, ಎಂದು ನಕ್ಕು ಚೀಲದಿಂದ ಇನ್ನೊಂದು ತೆಗೆದ, ಹಂಗಾರ ಇದನ್ನೂ ತೇಲಿಬಿಡ್ರಿ. ಇದಕ್ಕೂ ಒಂದು ಚುಕ್ಕೆ ಇಟ್ಟು ಬಿಟ್ಟಳು. ಇದರ ಚುಕ್ಕೆ ಒಮ್ಮೆ ಬದಿಗೆ, ಒಮ್ಮೆ ಅಡಿಗೆ, ಒಮ್ಮೆ ಎಲ್ಲಿಯೋ — ಯಾವ ಮಗ್ಗುಲಿಗೂ ವಾಲದ ಚೆಂಡು, ನೇರ ಮನುಷ್ಯನಂಥ ಚೆಂಡು. ಈಗ ಜಮಖಾನದ ಮ್ಯಾಲೆ ಉರುಳಸ್ರಿ ಅಕ್ಕಾರ, ಹೋಗಲಿ ನೋಡೂಣು.

ಅಂಗೈಯಲ್ಲಿ ಚೆಂಡು ತಣ್ಣಗಿದೆ, ಉಪ್ಪು ಚುರುಗುಡುತ್ತಿದೆ, ಉರುಳಿಸಲು ಮಾತ್ರ ಮನಸ್ಸಿಲ್ಲ, ಏಕೆಂದರೆ ಅವಳಿಗೆ ಗೊತ್ತು, ಈ ಊರಿನಲ್ಲಿ ಅವಳೊಬ್ಬಳಿಗೇ ಗೊತ್ತು, ಎರಡು ಮೊಳ ನೇಯ್ದಾದ ಮೇಲೆ ಅತ್ತೆಯ ಪೆಟ್ಟು ಸಡಿಲಾಯಿತೇನೋ ಎಂಬ ಅನುಮಾನ ಹುಟ್ಟಿದ್ದು, ಇಳಿಹೊತ್ತಿನ ಅಸರ್ ನಮಾಜಿಗೆ ಮುದುಕಿ ಒಳಗೆ ಹೋದಾಗಲೆಲ್ಲ ಇವಳು ಮೆಲ್ಲಗೆ ಬಲಕ್ಕೆ ಸರಿದು, ಹೊಕ್ಕು ಬಡಿದು ಕೂರಿಸುವ ಅತ್ತೆಯ ಕಬ್ಬಿಣದ ಪಂಜವನ್ನೇ ಎತ್ತಿ, ಅವಳ ಬದಿಯ ಹೊಕ್ಕಿನ ಮೇಲೆ ಇನ್ನೂ ಹತ್ತು ಪೆಟ್ಟು, ತಗ್ಗಾದಲ್ಲಿ ಇನ್ನೆರಡು ಎಳೆ, ಮತ್ತೆ ಹತ್ತು ಪೆಟ್ಟು — ಪ್ರೀತಿ ಎಂದುಕೊಂಡಿದ್ದಳು ಅದನ್ನು. ಹೊಸ ಸೊಸೆಯಾಗಿದ್ದಾಗ ಇದೇ ಅತ್ತೆ ಇವಳು ನೀರಿಗೆ ಹೋದಾಗ ಇವಳ ಬದಿಯನ್ನು ಹೀಗೆಯೇ ಬಡಿಯುತ್ತಿದ್ದಳು, ಕಂಡ ದಿನ ಇವಳು ಉಣ್ಣದೆ ಮಲಗಿದ್ದಳು, ನನ್ನ ಕೈ ಕೈಯಲ್ಲವೇ ಎಂದು, ಮುದುಕಿಗೆ ಅದು ತಿಳಿದು ಅಂದಿನಿಂದ ಇವಳ ಬದಿಗೆ ಕೈ ಚಾಚಲಿಲ್ಲ, ಅದನ್ನು ಮರೆತೆಯಾ ಜುಲೇಖಾ, ಇಪ್ಪತ್ತೆರಡು ವರ್ಷಕ್ಕೆ ಮರೆತೆಯಾ? ಉರುಳಿಸದಿದ್ದರಾಯಿತು, ಚೆಂಡಿನ ತಪ್ಪೆಂದು ಆಗಲೇ ಗೆದ್ದಾಗಿದೆಯಲ್ಲ — ಆಗ ಮಣೆಯ ಮೇಲಿಂದ ಅತ್ತೆ ಬಾಯಿ ಬಿಟ್ಟಳು, ಉರುಳಸು ಬೇಟಿ, ಅಂಜಬ್ಯಾಡ, ನನ್ನ ಕೈಯಿಂದ ಆದದ್ದೂ ನನಗ ಗೊತ್ತೈತಿ, ಆಗದ್ದೂ ಗೊತ್ತೈತಿ. ಗೊತ್ತಿತ್ತು! ಅಷ್ಟು ದಿನ ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ! ಜುಲೇಖಾಬಿ ಮಂಡಿಯೂರಿದಳು, ದೂಡಿದಳು, ಚೆಂಡು ನೀಲಿ ಗೆರೆಯ ಮೇಲೆ ಒಂದು ಮೊಳ, ಎರಡು ಮೊಳ, ದಾರಕ್ಕೆ ಪೋಣಿಸಿದಂತೆ, ಮೂರನೆಯದರ ಬಾಯಲ್ಲಿ ಎಡಕ್ಕೆ ಜಾರಿತು. ನಾ ಹೇಳಲಿಲ್ಲೇನ್ರಿ, ಅಜ್ಜಿ ಕೈ ಹೋಗೇತಿ. ಅಜ್ಜಿ ಕೈ ಅಲ್ರಿ ಅದು! ತನ್ನ ದನಿ ಇಷ್ಟು ಗಟ್ಟಿಯಿದೆಯೆಂದು ಅವಳಿಗೇ ಗೊತ್ತಿರಲಿಲ್ಲ, ಅದು ನನ್ನ ಕೈ, ಅವರಿಲ್ಲದಾಗ ಅವರ ಬಾಜು ಹೊಕ್ಕು ಬಡದಾಕಿ ನಾನು, ಗಟ್ಟಿ ಮಾಡಾಕ ಹೋಗಿ ಉಬ್ಬಿಸಿದಾಕಿ ನಾನು, ಮೊದಲಿನ ಎರಡು ಮೊಳ ನೋಡ್ರಿ, ಅಲ್ಲಿ ಬಲಗಡಿ ಪೂರಾ ಅವರದ, ಚೆಂಡು ಕೂದಲೆಳಿಯಷ್ಟರ ಅಲಗಾಡಿತೇನು? ಮ್ಯಾಲಿನ ಮೂರು ಮೊಳ ನಾನ ಬಿಚ್ಚತೀನಿ, ಹೊಸದಾಗಿ ನೇಯ್ತೀವಿ, ಉಳಿದ ಹನ್ನೊಂದಕ್ಕೂ ಬಲಗಡಿ ಅವರ ಕುಂದರತಾರ, ಅವರ ಪೆಟ್ಟು ಅವರ ಹೊಡೀತಾರ, ಬೇಕಂದ್ರ ಒಯ್ಯರಿ, ಬ್ಯಾಡಂದ್ರ ಬಸ್‌ಸ್ಟ್ಯಾಂಡು ಆ ಕಡಿ ಐತಿ. ಸುದೀಪ ಏನೋ ಹೇಳುತ್ತಿದ್ದಾನೆ, ಚೆಂಡು ಹೆಕ್ಕಿ ತಾನೇ ಬಗ್ಗಿ ಮತ್ತೆ ದೂಡುತ್ತಿದ್ದಾನೆ, ಒಯ್ಯಲಿ ಬಿಡಲಿ, ಅವಳು ಅವನ ಮುಖ ನೋಡುತ್ತಿಲ್ಲ, ಅತ್ತೆಯ ಮುಖವನ್ನೂ ನೋಡಲಾರಳು, ನೋಡುತ್ತಿರುವುದು ನೆಲವನ್ನು, ಹಸಿರಿನ ಮೇಲೆ ಬಿಳಿಯ ಚೆಂಡು, ನೀಲಿ ಗೆರೆಯ ಮೇಲೆ, ನಡುಗುತ್ತದೆ ಎಂದವರ ಕೈ ಹಾಸಿದ ದಾರಿಯ ಮೇಲೆ, ಒಂದು ಮೊಳ ನೇರ, ಎರಡು ಮೊಳ ನೇರ, ಎರಡು ಮೊಳ ನೇರ —